ಹಸಿವಿಲ್ಲದ ಮೀನನ್ನು ರೇಗಿಸಿ ಹಿಡಿಯುವುದು ಹೇಗೆ?

ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೆರೆ ಏರಿಯ ಮೇಲೆ ಕೂತು ಕಾಯುವುದು ನಮಗೆಲ್ಲ ಗೊತ್ತು. ಮೀನಿಗೆ ಹಸಿವಿರಬೇಕು, ನಮಗೆ ತಾಳ್ಮೆ ಇರಬೇಕು. ಅಮೆರಿಕದ ಕೆರೆಗಳಲ್ಲಿ ಸಿಗುವ ಕೊಕನೀ ಸಾಲ್ಮನ್ ಎಂಬ ಮೀನಿನ ಹತ್ತಿರ ಈ ಲೆಕ್ಕ ನಡೆಯುವುದಿಲ್ಲ. ಅದು ತಿನ್ನುವುದು ನೀರಿನಲ್ಲಿ ತೇಲುವ ಡಾಫ್ನಿಯಾ ಎಂಬ ಚಿಗಟದಂಥ ಜೀವಿಗಳನ್ನು. ದೊಡ್ಡದೆಂದರೆ ಸಾಸಿವೆ ಕಾಳಿನಷ್ಟು. ಅದನ್ನು ಗಾಳಕ್ಕೆ ಸಿಕ್ಕಿಸೋಕೆ ಆಗುತ್ತದೆಯೇ? ಇಲ್ಲ. ಹಾಗಾಗಿ ಇಲ್ಲಿರುವುದು ಒಂದೇ ದಾರಿ. ಮೀನಿನ ಮೂಗಿನ ಮುಂದೆ ಬಣ್ಣಬಣ್ಣದ್ದೇನನ್ನೋ ಕುಣಿಸಬೇಕು, ಅದು ರೇಗಿ ಬಾಯಿ ಹಾಕಬೇಕು.

ಚಲಿಸುವ ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗುವ ಈ ಕ್ರಮಕ್ಕೆ ಟ್ರೋಲಿಂಗ್ ಎಂದು ಹೆಸರು. ಮಲ್ಪೆ, ಮಂಗಳೂರು ಕಡೆಯವರು ‘ಟ್ರಾಲ್ ಬೋಟು’ ಎಂದುಕೊಳ್ಳಬೇಡಿ. ಅದು ಬಲೆ ಎಳೆಯುವುದು, ಇದು ಗಾಳ ಎಳೆಯುವುದು. ಫೇಸ್‌ಬುಕ್ಕಿನಲ್ಲಿ ಜನ ಒಬ್ಬರನ್ನೊಬ್ಬರು ‘ಟ್ರೋಲ್’ ಮಾಡುತ್ತಾರಲ್ಲ, ಆ ಮಾತೂ ಮೀನುಗಾರರಿಂದಲೇ ಬಂದದ್ದು ಅನ್ನುತ್ತಾರೆ. ಕೊಕನೀ ಮಟ್ಟಿಗಂತೂ ಎರಡೂ ಒಂದೇ ಕೆಲಸ.

ಕೊಕನೀ ಬೇರೆ ಜಾತಿಯ ಮೀನೇನಲ್ಲ. ಸಮುದ್ರಕ್ಕೆ ಹೋಗದೆ ಸಿಹಿನೀರಿನಲ್ಲೇ ಬಾಳುವ ಸಾಕ್‌ಐ ಸಾಲ್ಮನ್. ಹುಟ್ಟಿ ಮೂರು-ನಾಲ್ಕು ವರ್ಷಕ್ಕೆ ಮೈ ಕೆಂಪಾಗಿ, ಗಂಡುಮೀನಿನ ಮೂತಿ ಕೊಕ್ಕೆಯಂತೆ ಬಾಗಿ, ತೊರೆ ಹತ್ತಿ ಮೊಟ್ಟೆಯಿಟ್ಟು ಸಾಯುತ್ತದೆ. ಅದು ಶರತ್ಕಾಲದ ಮಾತು. ನಾವು ಹಿಡಿಯುವುದು ಅದಕ್ಕೂ ಮುಂಚೆ, ಬೇಸಿಗೆಯಲ್ಲಿ, ಮೈ ಇನ್ನೂ ಬೆಳ್ಳಿಯಂತೆ ಹೊಳೆಯುವಾಗ. ಸಾಮಾನ್ಯವಾಗಿ ಸಿಗುವುದು 12ರಿಂದ 16 ಇಂಚಿನ ಮೀನು. 2010ರಲ್ಲಿ ಆರೆಗನ್‌ನ ವಲೋವಾ ಕೆರೆಯಲ್ಲಿ ಒಂಬತ್ತೂವರೆ ಪೌಂಡಿಗೂ ಜಾಸ್ತಿ ತೂಗುವ ಕೊಕನೀ ಸಿಕ್ಕಿ ವಿಶ್ವದಾಖಲೆಯಾಯಿತು. ಅಂಥದ್ದರ ಕನಸು ಕಾಣಬಹುದು, ಆದರೆ ಮನೆಗೆ ಬರುವುದು ಮೊಳಕ್ಕಿಂತ ಚಿಕ್ಕದೇ.

ಎಲ್ಲಿಗೆ ಹೋಗುವುದು?

ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಕೊಕನೀ ಇರುವ ಜಲಾಶಯಗಳು ಬಹಳ. ಕೊಲೊರಾಡೋದ ಬ್ಲೂ ಮೇಸಾ, ಯೂಟಾದ ಸ್ಟ್ರಾಬೆರಿ, ಯೂಟಾ-ವಯೋಮಿಂಗ್ ಗಡಿಯ ಫ್ಲೇಮಿಂಗ್ ಗಾರ್ಜ್. ನಾನು ಹೋಗುವುದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿರುವ ಸ್ಟಾಂಪೀಡ್ ಜಲಾಶಯಕ್ಕೆ. ಫ್ರೀಮಾಂಟ್, ಸನಿವೇಲ್ ಕಡೆಯ ಕನ್ನಡಿಗರಿಗೆ ಸುಮಾರು ನಾಲ್ಕು ಗಂಟೆಯ ದಾರಿ. ಇಂಟರ್‌ಸ್ಟೇಟ್ 80ರಲ್ಲಿ ಡಾನರ್ ಕಣಿವೆ ದಾಟಿ, ಟ್ರಕೀ ಊರು ಕಳೆದ ಮೇಲೆ ಎಡಕ್ಕೆ ತಿರುಗಿದರೆ ಮೊದಲು ಬೋಕಾ ಜಲಾಶಯ, ಅದರಾಚೆ ಸ್ಟಾಂಪೀಡ್. ಎತ್ತರ ಸುಮಾರು 5,900 ಅಡಿ. ಜುಲೈ ಬೆಳಗ್ಗೆಯೂ ಸ್ವೆಟರ್ ಬೇಕು.

ಈ ಅಣೆಕಟ್ಟಿಗೆ ಒಂದು ತಮಾಷೆಯ ಕಥೆಯಿದೆ. 1970ರಲ್ಲಿ ಕಟ್ಟಿ ಮುಗಿಸಿದ್ದು. ಆಮೇಲೆ ನೋಡಿದರೆ ಇದರ ನೀರಿನ ಮೇಲೆ ಹಕ್ಕು ಬಂದದ್ದು ಮೀನಿಗೆ! ಕೆಳಗೆ ನೆವಾಡಾದ ಪಿರಮಿಡ್ ಕೆರೆಯಲ್ಲಿ ಕ್ವೀ-ವೀ ಎಂಬ ಅಪರೂಪದ ಮೀನಿದೆ. ಅದು ಮೊಟ್ಟೆಯಿಡಲು ನದಿ ಹತ್ತುವ ಕಾಲಕ್ಕೆ ಇಲ್ಲಿಂದ ನೀರು ಬಿಡುತ್ತಾರೆ. ಬರಗಾಲದ ವರ್ಷ ಬೇಸಿಗೆಯ ಕೊನೆಗೆ ನೀರು ತುಂಬಾ ಇಳಿದರೆ ದೋಣಿ ಇಳಿಸುವುದೇ ಕಷ್ಟ. ಹೊರಡುವ ಮುಂಚೆ ನೀರಿನ ಮಟ್ಟ ನೋಡಿಕೊಳ್ಳಿ ಅನ್ನುವುದು ಅದಕ್ಕೇ.

ಕಾಗದಪತ್ರದ ಕೆಲಸ ಬೇಗ ಮುಗಿಸೋಣ. 16 ವರ್ಷ ತುಂಬಿದ ಎಲ್ಲರಿಗೂ ಮೀನುಗಾರಿಕೆ ಲೈಸೆನ್ಸ್ ಬೇಕು, ಒಂದು ದಿನದ್ದೂ ಸಿಗುತ್ತದೆ. ಒಬ್ಬರೇ ಎರಡು ರಾಡ್ (ಗಾಳದ ಕೋಲು) ಹಾಕಬೇಕಾದರೆ ಎರಡನೆಯದಕ್ಕೆ ಬೇರೆ ಅನುಮತಿ. ಮೋಟಾರು ದೋಣಿ ನಡೆಸುವವರಿಗೆ ದೋಣಿ ಸುರಕ್ಷತೆಯ ಪರೀಕ್ಷೆ ಪಾಸಾದದ್ದಕ್ಕೆ ಕೊಡುವ ಬೋಟರ್ ಕಾರ್ಡ್ ಇರಬೇಕು. ದಿನಕ್ಕೆ ತಲೆಗೆ ಐದು ಮೀನು. ಆ ವರ್ಷದ ನಿಯಮ ಒಮ್ಮೆ ನೋಡಿಬಿಡಿ. 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ-ಸ್ಯಾನ್ ವಾಕೀನ್ ನದಿಗಳ ಡೆಲ್ಟಾದಲ್ಲಿ ಗೋಲ್ಡನ್ ಮಸಲ್ ಎಂಬ ಹೊರಗಿನ ಚಿಪ್ಪುಜೀವಿ ಕಾಣಿಸಿಕೊಂಡ ಮೇಲೆ ದೋಣಿ ತಪಾಸಣೆ ಬಿಗಿಯಾಗಿದೆ. ದೋಣಿಯ ತಳದಲ್ಲಿ ಹನಿ ನೀರೂ ಇಲ್ಲದಂತೆ ಒಣಗಿಸಿ ತರಬೇಕು. ಸ್ವಂತ ದೋಣಿ ಇಲ್ಲದವರು ಮೊದಲ ಸಲ ಗೈಡ್ ಜೊತೆ ಹೋಗುವುದೇ ವಾಸಿ.

ಆಳ ಸಿಕ್ಕರೆ ಅರ್ಧ ಕೆಲಸ ಮುಗಿಯಿತು

ಬೇಸಿಗೆಯಲ್ಲಿ ಊರ ಕೆರೆಗೆ ಇಳಿದು ಈಜಿದವರಿಗೆ ಇದು ಗೊತ್ತು: ಎದೆಮಟ್ಟದ ನೀರು ಬೆಚ್ಚಗೆ, ಕಾಲಿನ ಬಳಿ ತಣ್ಣಗೆ. ಆಳವಾದ ಜಲಾಶಯದಲ್ಲಿ ಈ ಎರಡು ನೀರು ಬೇರೆ ಬೇರೆ ಪದರಗಳಾಗಿ ನಿಲ್ಲುತ್ತವೆ. ನಡುವೆ ಉಷ್ಣತೆ ತಟ್ಟನೆ ಇಳಿಯುವ ಪಟ್ಟಿಯೊಂದಿರುತ್ತದೆ. ಅದಕ್ಕೆ ಥರ್ಮೋಕ್ಲೈನ್ ಅನ್ನುತ್ತಾರೆ. ಕೊಕನೀಗೆ ಹಿತವಾದದ್ದು 10ರಿಂದ 13 ಡಿಗ್ರಿ ಸೆಲ್ಸಿಯಸ್ ನೀರು. ಜುಲೈನಲ್ಲಿ ಮೇಲಿನ ನೀರು 20ರ ಹತ್ತಿರ ಇರುತ್ತದೆ. ಹಾಗಾಗಿ ಮೀನುಗಳು ಕೆಳಗಿನ ತಂಪಿಗೆ ಇಳಿದು ದಂಡುಕಟ್ಟಿ ತಿರುಗುತ್ತವೆ.

ಜೂನ್ ಮೊದಲಲ್ಲಿ 20ರಿಂದ 40 ಅಡಿ ಆಳ. ಜುಲೈಗೆ 50-70. ಆಗಸ್ಟ್‌ನಲ್ಲಿ 70, 80, ಕೆಲವೊಮ್ಮೆ ಇನ್ನೂ ಕೆಳಗೆ. ಇದು ಅಂದಾಜು, ಪಂಚಾಂಗವಲ್ಲ. ಅದೇ ದಿನದಲ್ಲೂ ಬದಲಾಗುತ್ತದೆ. ಡಾಫ್ನಿಯಾಗಳು ಕತ್ತಲಲ್ಲಿ ಮೇಲೆ ಬಂದು, ಬಿಸಿಲೇರಿದಂತೆ ಕೆಳಗಿಳಿಯುತ್ತವೆ. ಮೀನೂ ಅವುಗಳ ಹಿಂದೆಯೇ. ಅದಕ್ಕೇ ಬೆಳಗ್ಗೆ ಐದೂವರೆಗೆ ನೀರಿನ ಮೇಲಿರಬೇಕು.

ನನ್ನ ಮೊದಲ ಪ್ರಯತ್ನ ಕೇಳಿ. ಆಗಸ್ಟ್ ತಿಂಗಳು. ಉಪ್ಪಿಟ್ಟು ತಿಂದು, ಫ್ಲಾಸ್ಕಿಗೆ ಕಾಫಿ ತುಂಬಿಸಿ, ಒಂಬತ್ತೂವರೆಗೆ ದೋಣಿ ಇಳಿಸಿದೆ. ಗಾಳ ಬಿಟ್ಟದ್ದು 25 ಅಡಿಗೆ. ಆ ಹೊತ್ತಿಗೆ ಉಳಿದವರೆಲ್ಲ ಮೀನು ತುಂಬಿಕೊಂಡು ದಡಕ್ಕೆ ವಾಪಸ್ ಬರುತ್ತಿದ್ದರು. ಮೀನಿದ್ದದ್ದು 75 ಅಡಿಯಲ್ಲಂತೆ. ನೆಲಮಾಳಿಗೆಯವರನ್ನು ಮಹಡಿಯಲ್ಲಿ ಹುಡುಕಿದ ಹಾಗೆ.

ಆಳ ತೋರಿಸುವುದು ಫಿಶ್ ಫೈಂಡರ್. ಅದರ ಪರದೆಯಲ್ಲಿ ಮೀನು ಬಿಲ್ಲಿನಾಕಾರದ ಗೆರೆಯಾಗಿ ಕಾಣುತ್ತದೆ. ಒಂದೇ ಆಳದಲ್ಲಿ ಗುಂಪಾಗಿ ಗೆರೆಗಳು ಕಂಡರೆ ಅದೇ ಕೊಕನೀ ಪಟ್ಟಿ. ಗಾಳವನ್ನು ಆ ಪಟ್ಟಿಗಿಂತ ನಾಲ್ಕೈದು ಅಡಿ ಮೇಲಕ್ಕೇ ಬಿಡಿ. ಮೇಲಿರುವುದು ಅವಕ್ಕೆ ಚೆನ್ನಾಗಿ ಕಾಣುತ್ತದೆ, ಕೆಳಗೆ ಹೋದದ್ದನ್ನು ಅವು ತಿರುಗಿಯೂ ನೋಡುವುದಿಲ್ಲ.

ಅಷ್ಟು ಆಳಕ್ಕೆ ಹಗುರವಾದ ಗಾಳ ತಲುಪಿಸುವುದು ಡೌನ್‌ರಿಗ್ಗರ್. ಬಾವಿಯ ರಾಟೆ ನೆನಪಿಸಿಕೊಳ್ಳಿ. ದೋಣಿಯ ಅಂಚಿಗೆ ಕೂರಿಸಿದ ರಾಟೆ, ಅದಕ್ಕೆ ತಂತಿ, ತುದಿಯಲ್ಲಿ 8-10 ಪೌಂಡಿನ ಗುಂಡು. ಎಷ್ಟು ಅಡಿ ಇಳಿಯಿತು ಎಂದು ಎಣಿಸುವ ಮೀಟರೂ ಇರುತ್ತದೆ. ಮೊದಲು ಗಾಳವನ್ನು ದೋಣಿಯ ಹಿಂದಕ್ಕೆ ಬಿಡಿ. ಆಮೇಲೆ ಲೈನನ್ನು, ಅಂದರೆ ಗಾಳದ ದಾರವನ್ನು, ಗುಂಡಿನ ಬಳಿಯ ಕ್ಲಿಪ್ಪಿಗೆ ಸಿಕ್ಕಿಸಿ ಗುಂಡನ್ನು ಇಳಿಸಿ. ಮೀನು ಕಚ್ಚಿದರೆ ಲೈನು ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ, ಗುಂಡಿನ ಭಾರವಿಲ್ಲದೆ ಮೀನನ್ನು ಆಡಿಸಬಹುದು. ಕ್ಲಿಪ್ಪು ಸಡಿಲವಾಗಿರಲಿ. ಬಿಗಿಯಾದರೆ ಚಿಕ್ಕ ಮೀನು ಸಿಕ್ಕಿಕೊಂಡದ್ದೇ ಗೊತ್ತಾಗದೆ ಅರ್ಧ ಗಂಟೆ ಎಳೆದುಕೊಂಡು ತಿರುಗುತ್ತೀರಿ. ಗಾಳ ಗುಂಡಿನಿಂದ ಎಷ್ಟು ಹಿಂದಿರಬೇಕು? ಬೆಳಗ್ಗೆ ಮೇಲಿನ ನೀರಲ್ಲಿ 80-100 ಅಡಿ, ಆಳಕ್ಕೆ ಇಳಿದಂತೆ 20-30 ಅಡಿ ಸಾಕು.

ಡೌನ್‌ರಿಗ್ಗರ್ ಕೊಳ್ಳುವಷ್ಟು ಇನ್ನೂ ಹುಚ್ಚು ಹಿಡಿದಿಲ್ಲವೇ? ಒಳಗೆ ಸೀಸದ ಎಳೆಯಿರುವ ಲೆಡ್‌ಕೋರ್ ಲೈನ್ ಸಿಗುತ್ತದೆ. ಹತ್ತು ಗಜಕ್ಕೊಮ್ಮೆ ಅದರ ಬಣ್ಣ ಬದಲಾಗುತ್ತದೆ. ನಿಧಾನ ವೇಗದಲ್ಲಿ ಒಂದೊಂದು ಬಣ್ಣಕ್ಕೆ ಸುಮಾರು ಐದು ಅಡಿ ಇಳಿಯುತ್ತದೆ. ಜೂನ್ ತಿಂಗಳಿಗೆ ಧಾರಾಳ ಸಾಕು. ಆಗಸ್ಟ್‌ಗೆ ಸಾಲದು.

ರೇಗಿಸುವ ಸಾಮಾನು

ಲೈನಿನ ತುದಿಯಲ್ಲಿ ಎರಡು ವಸ್ತು ಇರುತ್ತವೆ. ಮೊದಲನೆಯದು ಡಾಜರ್. ನಾಲ್ಕರಿಂದ ಆರು ಇಂಚಿನ, ಸ್ವಲ್ಪ ಬಾಗಿದ ಹೊಳೆಯುವ ತಗಡು. ಇದಕ್ಕೆ ಗಾಳ ಇರುವುದಿಲ್ಲ. ಇದರ ಕೆಲಸ ಅತ್ತಿತ್ತ ಓಲಾಡುತ್ತ ಮಿಂಚುವುದು, ನೀರನ್ನು ಅಲುಗಿಸುವುದು. ಅದರ ಹಿಂದೆ 10-12 ಇಂಚಿನ ದಾರ, ಅದರ ತುದಿಯಲ್ಲಿ ಹೂಚಿ. ಹೂಚಿ ಎಂದರೆ ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಬೊಂಡಾಸ (ಸ್ಕ್ವಿಡ್). ತನ್ನಷ್ಟಕ್ಕೆ ಅದು ಸತ್ತ ಹೆಣದಂತೆ ಸುಮ್ನೆ ಬರುತ್ತದೆ, ಡಾಜರ್ ಚಾವಟಿ ಹೊಡೆದಂತೆ ಎಳೆದರೆ ಮಾತ್ರ ಕುಣಿಯುತ್ತದೆ. ದಾರ ಗಿಡ್ಡವಿರಬೇಕು ಅನ್ನುವುದು ಅದಕ್ಕೆ. ತಾನೇ ತಿರುಗುವ ಸ್ಪಿನ್ನರ್ ಹಾಕಿದರೆ ದಾರ ಉದ್ದವಾದರೂ ನಡೆಯುತ್ತದೆ.

ಬಣ್ಣದ ವಿಷಯದಲ್ಲಿ ಎಲ್ಲರಿಗೂ ಒಂದೊಂದು ಮತ. ನನ್ನ ಪೆಟ್ಟಿಗೆಯಲ್ಲಿ ಗುಲಾಬಿ, ಕಿತ್ತಳೆ, ಗಿಳಿಹಸಿರು, ಮೂರೇ ಇವೆ. ಮಾಮೂಲಿ ಕೆಂಪು ಬೇಡ. ಆಳಕ್ಕೆ ಹೋದಂತೆ ಮೊದಲು ಮಾಯವಾಗುವ ಬಣ್ಣ ಅದೇ. ನಸುಕಿನಲ್ಲಿ ಕತ್ತಲಲ್ಲೂ ಹೊಳೆಯುವಂಥದ್ದು, ಬಿಸಿಲೇರಿದ ಮೇಲೆ ಫ್ಲೋರೆಸೆಂಟ್ ಗುಲಾಬಿ. ಹತ್ತಿಪ್ಪತ್ತು ನಿಮಿಷ ಏನೂ ಆಗದಿದ್ದರೆ ಬದಲಾಯಿಸಿ.

ಇನ್ನು ಜೋಳ! ಹೌದು, ಪ್ರತಿ ಗಾಳದ ಮುಳ್ಳಿಗೂ ಡಬ್ಬಿಯಲ್ಲಿ ಸಿಗುವ ಶೂಪೆಗ್ ಎಂಬ ಸಣ್ಣ ಬಿಳಿ ಮುಸುಕಿನ ಜೋಳದ ಒಂದೊಂದು ಕಾಳು. ಹಿಂದಿನ ರಾತ್ರಿಯೇ ಅದನ್ನು ಟ್ಯೂನಾ ಎಣ್ಣೆ, ಬೆಳ್ಳುಳ್ಳಿ ಅಥವಾ ಸೋಂಪಿನ ವಾಸನೆಯಲ್ಲಿ ನೆನೆಹಾಕುತ್ತಾರೆ. ಜೋಳ ಕಂಡೇ ಇಲ್ಲದ ಮೀನಿಗೆ ಜೋಳ ಯಾಕೆ ಅಂದರೆ, ವಾಸನೆ ಹಿಡಿದಿಟ್ಟುಕೊಳ್ಳುವುದಕ್ಕೆ ಅನ್ನುವುದಷ್ಟೇ ಉತ್ತರ. ಒಬ್ಬೊಬ್ಬರದೂ ಒಂದೊಂದು ಗುಟ್ಟಿನ ಒಗ್ಗರಣೆ. ನಾನಿನ್ನೂ ಇಂಗು ಹಾಕಿ ನೋಡಿಲ್ಲ. ಆದರೆ ಜೋಳ ಹಾಕದೆ ಹೋದ ದಿನ ಬರಿಗೈಲಿ ಬಂದಿದ್ದೇನೆ.

ದೇವಸ್ಥಾನದ ಪ್ರದಕ್ಷಿಣೆಯ ವೇಗ

ದೋಣಿಯ ವೇಗ ಗಂಟೆಗೆ 1ರಿಂದ 1.5 ಮೈಲಿ. ಮಕ್ಕಳ ಕೈ ಹಿಡಿದು ಪ್ರದಕ್ಷಿಣೆ ಹಾಕುವಷ್ಟು ನಿಧಾನ. ಜಿಪಿಎಸ್ ನೋಡಿ ಓಡಿಸಿ, ಕಣ್ಣಂದಾಜು ಮೋಸ ಮಾಡುತ್ತದೆ. ಮೋಟಾರು ಅಷ್ಟು ನಿಧಾನಕ್ಕೆ ಒಪ್ಪದಿದ್ದರೆ ಹಗ್ಗ ಕಟ್ಟಿದ ಬಕೆಟ್ಟೊಂದನ್ನು ಹಿಂದೆ ಎಳೆದುಕೊಂಡು ಹೋಗಿ.

ಗಾಳ ಇಳಿಸುವ ಮುಂಚೆ ಡಾಜರನ್ನು ದೋಣಿಯ ಪಕ್ಕದಲ್ಲೇ ನೀರಿಗೆ ಅದ್ದಿ ನೋಡಿ. ಅತ್ತಿತ್ತ ಓಲಾಡಬೇಕು. ಗಿರಗಿರ ತಿರುಗಿದರೆ ವೇಗ ಜಾಸ್ತಿ, ಸೋಮಾರಿಯಂತೆ ಬಂದರೆ ಕಡಿಮೆ. ಈ ಅರ್ಧ ನಿಮಿಷದ ಪರೀಕ್ಷೆಯನ್ನು ಹೊಸಬರು ಯಾರೂ ಮಾಡುವುದಿಲ್ಲ.

ನೇರ ಗೆರೆ ಎಳೆದಂತೆ ಹೋಗಬೇಡಿ, ಹಾವಿನಂತೆ ಹೋಗಿ. ತಿರುವಿನಲ್ಲಿ ಹೊರಗಿನ ಬದಿಯ ಗಾಳದ ವೇಗ ಏರುತ್ತದೆ, ಒಳಗಿನದು ನಿಧಾನವಾಗಿ ಸ್ವಲ್ಪ ಕೆಳಗಿಳಿಯುತ್ತದೆ. ಬಹಳ ಹೊತ್ತಿನಿಂದ ಹಿಂದೆಯೇ ಬರುತ್ತಿದ್ದ ಮೀನು ಆ ಬದಲಾವಣೆಗೆ ರೇಗಿ ಕಚ್ಚುತ್ತದೆ. ಯಾವ ಬದಿಯ ಗಾಳಕ್ಕೆ ಬಿತ್ತು ಎಂದು ಗಮನಿಸಿ. ಹೊರಗಿನದಕ್ಕೆ ಬಿದ್ದರೆ ವೇಗ ಸ್ವಲ್ಪ ಏರಿಸಿ, ಒಳಗಿನದಕ್ಕಾದರೆ ಇಳಿಸಿ. ಮೀನು ಸಿಕ್ಕ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ ಮತ್ತೆ ಅಲ್ಲಿಗೇ ಬನ್ನಿ. ಕೊಕನೀ ಒಂಟಿಯಾಗಿ ತಿರುಗುವುದು ಕಡಿಮೆ.

ಎಳೆಯಬೇಡಿ!

ಬಾಗಿ ನಿಂತ ರಾಡಿನ ತುದಿ ಪಟ್ಟನೆ ಮೇಲಕ್ಕೆ ಚಿಮ್ಮಿತು ಎಂದರೆ ಮೀನು ಬಿತ್ತು. ಆಗ ಕೈ ತಾನಾಗಿಯೇ ರಾಡನ್ನು ಜಗ್ಗುತ್ತದೆ. ಊರಿನ ಹೊಳೆಯಲ್ಲಿ ಗಾಳ ಹಾಕಿದವರಿಗೆ ಇದು ರಕ್ತದಲ್ಲೇ ಇರುವ ಅಭ್ಯಾಸ. ಕೊಕನೀಯ ಬಾಯಿ ಮಾತ್ರ ನೆನೆದ ಹಪ್ಪಳದಷ್ಟು ಮೆತ್ತಗೆ. ಜಗ್ಗಿದರೆ ತುಟಿ ಹರಿದು ಗಾಳ ಬರಿದಾಗಿ ಬರುತ್ತದೆ. ನನ್ನ ಮೊದಲ ಮೂರು ಮೀನು ಹೋದದ್ದು ಹೀಗೇ. ರಾಡನ್ನು ಎತ್ತಿ ಹಿಡಿದು, ಭಾರ ಸಿಗುವವರೆಗೆ ಸುಮ್ನೆ ರೀಲ್ ಸುತ್ತುತ್ತ ಹೋಗಿ. ರಾಡು ಏಳೆಂಟು ಅಡಿ ಉದ್ದದ, ತುದಿ ಚೆನ್ನಾಗಿ ಬಾಗುವ ಹಗುರದ್ದಾಗಿರಲಿ. ರೀಲಿನ ಬಿಗಿ ಕಡಿಮೆ ಇರಲಿ, ಮೀನು ಓಡಿದರೆ ಲೈನು ಹೋಗಲಿ.

ದೋಣಿಯ ಹತ್ತಿರ ಬಂದಾಗಲೇ ಅದರ ನಿಜವಾದ ಕುಣಿತ. ನೀರಿನಿಂದ ಹಾರುತ್ತದೆ, ಸುರುಳಿ ಸುತ್ತುತ್ತದೆ. ಉದ್ದ ಹಿಡಿಯ ಬಲೆಯನ್ನು ಮೊದಲೇ ನೀರಲ್ಲಿ ಇಳಿಸಿಟ್ಟು, ತಲೆ ಮುಂದಾಗಿ ಮೀನನ್ನು ಅದರೊಳಕ್ಕೆ ಎಳೆದುಕೊಳ್ಳಿ. ಬಲೆ ಹಿಡಿದು ಮೀನನ್ನು ಅಟ್ಟಿಸಿಕೊಂಡು ಹೋದರೆ ಕೆಟ್ಟಿತು.

70 ಅಡಿಯ ತಂಪಿನಿಂದ ಬಿಸಿ ನೀರಿಗೆ ಎಳೆದು ತಂದ ಕೊಕನೀಯನ್ನು ವಾಪಸ್ ಬಿಟ್ಟರೂ ಬದುಕುವುದು ಕಷ್ಟ. ಚಿಕ್ಕದು ಬಿಟ್ಟು ದೊಡ್ಡದು ಆರಿಸಿಕೊಳ್ಳುತ್ತೇನೆ ಅನ್ನುವ ಆಟ ಇಲ್ಲಿ ಬೇಡ. ಐದಾದರೆ ಗಾಳ ಮೇಲೆತ್ತಿ. ಈ ಮೀನುಗಳೂ ಬಹುಪಾಲು ಸಾಕಿ ಬಿಟ್ಟವು. ಲಿಟಲ್ ಟ್ರಕೀ ನದಿ ಹತ್ತುವ ಮೀನುಗಳಿಂದ ಸರ್ಕಾರದ ಮೀನುಗಾರಿಕೆ ಇಲಾಖೆಯವರು ಮೊಟ್ಟೆ ತೆಗೆದು, ಮರಿ ಮಾಡಿಸಿ, ಮತ್ತೆ ಜಲಾಶಯಗಳಿಗೆ ಬಿಡುತ್ತಾರೆ.

ಹನ್ನೊಂದರೊಳಗೆ ದಡ ಸೇರಿ. ಮಧ್ಯಾಹ್ನ ಬೆಟ್ಟದ ಕಡೆಯಿಂದ ಗಾಳಿ ಏಳುತ್ತದೆ. ಬೆಳಗ್ಗೆ ಕನ್ನಡಿಯಂತಿದ್ದ ನೀರು ನೋಡನೋಡುತ್ತ ಅಲೆ ಎಬ್ಬಿಸುತ್ತದೆ. ಚಿಕ್ಕ ದೋಣಿ ಚಲಿಸುತ್ತಿರುವಾಗ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕು ಅನ್ನುವುದು ಕಾನೂನು. ದೊಡ್ಡವರೂ ತೊಡಿ, ಹಿಮ ಕರಗಿದ ನೀರು ಅದು.

ಮನೆಗೆ ಬಂದ ಮೇಲೆ

ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು, ಐಸು ಮತ್ತು ಕೆರೆ ನೀರು ಬೆರೆಸಿದ ಪೆಟ್ಟಿಗೆಗೆ ಹಾಕಿದ್ದರೆ ಮಾಂಸ ಗಟ್ಟಿಯಾಗಿ ಉಳಿದಿರುತ್ತದೆ. ಬಿಸಿಲಲ್ಲಿ ದಾರಕ್ಕೆ ಪೋಣಿಸಿ ಇಟ್ಟಿದ್ದರೆ ಮುದ್ದೆಯಾಗಿರುತ್ತದೆ. ಹೊಟ್ಟೆ ಸೀಳಿ ನೋಡಿ. ಸಾಮಾನ್ಯವಾಗಿ ಕಾಣುವುದು ನುಣ್ಣಗೆ ಅರೆದ ಚಟ್ನಿಯಂಥ ಡಾಫ್ನಿಯಾ ಮುದ್ದೆ. ಜೋಳವೂ ಇಲ್ಲ, ಇನ್ನೊಂದು ಮೀನೂ ಇಲ್ಲ.

ಇಲ್ಲಿಯವರು ಹೊಗೆ ಹಾಕಿ ತಿನ್ನುತ್ತಾರೆ. ನಮ್ಮನೆಯಲ್ಲಿ ರವಾ ಫ್ರೈ. ಹುರುಪೆ ತೆಳುವಾಗಿರುವುದರಿಂದ ಚಾಕುವಿನ ಹಿಂಬದಿಯಲ್ಲಿ ಒಮ್ಮೆ ಉಜ್ಜಿದರೆ ಸಾಕು. ಅಂಜಲ್ ಮೀನಿಗೆ ಹಾಕುವಷ್ಟು ಮಸಾಲೆ ಹಾಕಬೇಡಿ, ಕಿತ್ತಳೆ ಬಣ್ಣದ ಈ ಮಾಂಸದ ರುಚಿ ಮುಚ್ಚಿಹೋಗುತ್ತದೆ. ಉಪ್ಪು, ಅರಿಸಿನ, ಸ್ವಲ್ಪ ಖಾರದಪುಡಿ, ನಿಂಬೆರಸ ಸವರಿ ಕಾಲು ಗಂಟೆ ಬಿಡಿ. ಸಣ್ಣ ರವೆಯಲ್ಲಿ ಹೊರಳಿಸಿ, ಕಾದ ತೆಂಗಿನೆಣ್ಣೆಯಲ್ಲಿ ಒಂದೊಂದು ಬದಿಗೆ ಮೂರು ನಿಮಿಷ. ಮೊದಲ ಬದಿ ಪೂರ್ತಿ ಗರಿಯಾಗುವವರೆಗೆ ಮಗುಚಬೇಡಿ, ಮಾಂಸ ಮೆತ್ತಗಿದೆ, ಒಡೆಯುತ್ತದೆ.