ಹಳೆಯ ಟ್ಯೂಬ್‌ಲೈಟ್ ವಿಲೇವಾರಿ: ಗುತ್ತಿಗೆ ಕೊಡುವ ಮುನ್ನ ಗಮನಿಸಬೇಕಾದ ಸಂಗತಿಗಳು

ಆಸ್ಪತ್ರೆ, ಕಾಲೇಜು, ಕಾರ್ಖಾನೆಯಂಥ ದೊಡ್ಡ ಕಟ್ಟಡಗಳಲ್ಲಿ ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್‌ಗಳನ್ನು ತೆಗೆದು ಎಲ್‌ಇಡಿ ಅಳವಡಿಸುವ ಕೆಲಸ ನಡೆದಿದೆ. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟ ಒಪ್ಪಂದದ ಸದಸ್ಯ ರಾಷ್ಟ್ರಗಳು 2023ರಲ್ಲಿ ಜಿನೀವಾದಲ್ಲಿ ಸಭೆ ಸೇರಿ, ಸಾಮಾನ್ಯ ಬೆಳಕಿನ ಫ್ಲೋರೊಸೆಂಟ್ ದೀಪಗಳ ತಯಾರಿಕೆ, ಆಮದು ಮತ್ತು ರಫ್ತನ್ನು 2027ರ ವೇಳೆಗೆ ಹಂತ ಹಂತವಾಗಿ ನಿಲ್ಲಿಸಲು ತೀರ್ಮಾನಿಸಿವೆ. ಹೊಸ ದೀಪ ಬರುವುದು ನಿಂತರೂ ಸೂರಿಗೆ ತಗುಲಿಸಿರುವ ಹಳೆಯವು ಇನ್ನೂ ಹಲವು ವರ್ಷ ಕೆಳಗಿಳಿಯುತ್ತಲೇ ಇರುತ್ತವೆ. ಅವುಗಳನ್ನು ಒಯ್ಯುವವರು ಯಾರು, ಒಯ್ದು ಏನು ಮಾಡುತ್ತಾರೆ ಎಂಬುದನ್ನು ಬರಹದಲ್ಲಿ ಗೊತ್ತುಪಡಿಸಿಕೊಳ್ಳುವುದು ಕಟ್ಟಡದ ಆಡಳಿತದ ಹೊಣೆ.

ದರಪಟ್ಟಿ ಕೇಳುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ನಾಲ್ಕು ಅಡಿ ಉದ್ದದ, 26 ಮಿಲಿಮೀಟರ್ ವ್ಯಾಸದ ಟ್ಯೂಬ್ ಸುಮಾರು 200 ಗ್ರಾಂ ತೂಗುತ್ತದೆ. ಅದರ ಬಹುಪಾಲು ಗಾಜು, ಉಳಿದಂತೆ ಎರಡು ತುದಿಯ ಅಲ್ಯೂಮಿನಿಯಂ ಟೊಪ್ಪಿಗಳು ಮತ್ತು ಒಳಗೋಡೆಗೆ ಬಳಿದ ಬಿಳಿಯ ಪುಡಿ. ಪ್ರತಿ ದೀಪದಲ್ಲಿ 5 ಮಿಲಿಗ್ರಾಂ ಪಾದರಸವಿದೆ ಎಂದಿಟ್ಟುಕೊಂಡರೆ, 1,000 ಟ್ಯೂಬ್‌ಗಳಲ್ಲಿ, ಅಂದರೆ 200 ಕಿಲೋ ಸರಕಿನಲ್ಲಿ, ಸಿಗುವುದು 5 ಗ್ರಾಂ ಮಾತ್ರ. ಅದನ್ನು ಮಾರಿ ಯಾರೂ ಲಾಭ ಮಾಡಲಾರರು; ಆದರೆ ಆ 5 ಗ್ರಾಂ ಗಾಳಿಗೂ ನೀರಿಗೂ ಸೇರದಂತೆ ಹಿಡಿದಿಡುವುದಕ್ಕೇ ಯಂತ್ರ, ಶೋಧಕ ಮತ್ತು ನುರಿತ ಕೆಲಸಗಾರರು ಬೇಕು. ಆದ್ದರಿಂದ ಹಳೆಯ ಟ್ಯೂಬ್‌ಗಳನ್ನು ಬಿಟ್ಟಿ ಒಯ್ಯುತ್ತೇವೆ ಎನ್ನುವವರನ್ನು, ಅದಕ್ಕಿಂತ ಹೆಚ್ಚಾಗಿ ಕಿಲೋಗೆ ಇಷ್ಟು ಎಂದು ತಾವೇ ಹಣ ಕೊಡಲು ಬರುವವರನ್ನು, ಕೂಲಂಕಷವಾಗಿ ವಿಚಾರಿಸದೆ ಒಪ್ಪಬಾರದು. ತುದಿಯ ಅಲ್ಯೂಮಿನಿಯಂ ಕಿತ್ತುಕೊಂಡು ಗಾಜನ್ನು ಎಲ್ಲೋ ಸುರಿಯುವ ಗುಜರಿ ವ್ಯಾಪಾರಕ್ಕೆ ಮಾತ್ರ ಅಂಥ ದರ ಹೊಂದುತ್ತದೆ. ಈ ಗುತ್ತಿಗೆಯಲ್ಲಿ ಸಂಸ್ಥೆ ಹಣ ತೆರುವುದು ಕೇವಲ ಸಾಗಣೆಗಲ್ಲ, ಪಾದರಸ ಎಲ್ಲಿ ಹೋಯಿತೆಂಬ ಲೆಕ್ಕಕ್ಕೆ.

ಮೊದಲ ಹೆಜ್ಜೆ ದಾಸ್ತಾನಿನ ಪಟ್ಟಿ. ನೇರ ಟ್ಯೂಬ್, ವೃತ್ತಾಕಾರದ ಟ್ಯೂಬ್, ಸಿಎಫ್‌ಎಲ್ ಹಾಗೂ ಅಂಗಳದ ಕಂಬಗಳಲ್ಲಿರುವ ಪಾದರಸ ಮತ್ತು ಸೋಡಿಯಂ ಆವಿ ದೀಪಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು. ಎಲ್‌ಇಡಿ ಟ್ಯೂಬ್ ನೋಡಲು ಹಳೆಯದರಂತೆಯೇ ಇರುವುದರಿಂದ ಅದು ಇವುಗಳೊಂದಿಗೆ ಬೆರೆಯದಂತೆ ಎಚ್ಚರ ವಹಿಸಬೇಕು. ಬಹಳ ಹಳೆಯ ಕಟ್ಟಡವಾದರೆ ಚೋಕ್‌ಗಳ ವಿಚಾರ ಪ್ರತ್ಯೇಕ: ಅವುಗಳ ಕೆಪಾಸಿಟರ್‌ಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಇರುವ ಸಾಧ್ಯತೆಯಿರುವುದರಿಂದ ಅವನ್ನು ದೀಪಗಳ ಲೆಕ್ಕದಲ್ಲಿ ಸೇರಿಸದೆ ಬೇರೆ ವಿಲೇವಾರಿ ಕೇಳಬೇಕು.

ಶೇಖರಣೆಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಹೊಸ ದೀಪ ಬಂದ ರಟ್ಟಿನ ಪೆಟ್ಟಿಗೆಯಲ್ಲಿಯೇ ಹಳೆಯದನ್ನು ಇಟ್ಟು, ಮೊದಲ ದೀಪ ಹಾಕಿದ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಬರೆದು, ಓಡಾಟವಿಲ್ಲದ ಒಣ ಕೋಣೆಯಲ್ಲಿ ಬೀಗ ಹಾಕಿಡಬೇಕು. ಟ್ಯೂಬ್‌ಗಳನ್ನು ಅಂಟುಪಟ್ಟಿಯಿಂದ ಕಂತೆ ಕಟ್ಟಬಾರದು, ಬಿಡಿಸುವಾಗ ಒಡೆಯುತ್ತವೆ.

ಮುಂದಿನದು ಮರುಬಳಕೆ ಘಟಕದ ಪರಿಶೀಲನೆ. ಪರವಾನಗಿಯ ಪ್ರತಿ ಪಡೆದರಷ್ಟೇ ಸಾಲದು. ಅದು ಪಾದರಸವಿರುವ ದೀಪಗಳಿಗೆ ಅನ್ವಯಿಸುತ್ತದೆಯೇ, ವರ್ಷಕ್ಕೆ ಎಷ್ಟು ಪ್ರಮಾಣಕ್ಕೆ ಅನುಮತಿಯಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಓದಿ ನೋಡಬೇಕು. ಸಾಧ್ಯವಿದ್ದರೆ ಘಟಕಕ್ಕೇ ಹೋಗುವುದು ಉತ್ತಮ. ಸರಿಯಾದ ಘಟಕದಲ್ಲಿ ದೀಪಗಳನ್ನು ಮುಚ್ಚಿದ ಯಂತ್ರದೊಳಗೆ, ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವ ಒತ್ತಡದಲ್ಲಿ ಒಡೆದು, ಹೊರಹೋಗುವ ಗಾಳಿಯನ್ನು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಲಾಗುತ್ತದೆ; ಗಾಜು, ಲೋಹ ಮತ್ತು ಪುಡಿ ಬೇರೆ ಬೇರೆ ಡ್ರಮ್ಮುಗಳಿಗೆ ಬೀಳುತ್ತವೆ. ಪಾದರಸದ ಹೆಚ್ಚಿನ ಪಾಲು ಅಂಟಿಕೊಂಡಿರುವುದು ಆ ಪುಡಿಗೇ. ಹಾಗಾಗಿ ಕೇಳಲೇಬೇಕಾದ ಪ್ರಶ್ನೆ ಒಂದೇ: ಪುಡಿಯನ್ನು ಕಾಯಿಸಿ ಪಾದರಸವನ್ನು ಬಟ್ಟಿ ಇಳಿಸುವ ಏರ್ಪಾಡು ಇಲ್ಲಿಯೇ ಇದೆಯೇ, ಅಥವಾ ಪುಡಿ ಬೇರೆಡೆಗೆ ಹೋಗುತ್ತದೆಯೇ? ಬೇರೆಡೆಗೆ ಹೋಗುವುದಾದರೆ ಆ ಘಟಕದ ಪರವಾನಗಿಯನ್ನೂ ನೋಡಬೇಕು. ಗಡಿ ದಾಟಿ ಬೇರೆ ದೇಶಕ್ಕೆ ಹೋಗುವುದಾದರೆ, ಅಪಾಯಕಾರಿ ತ್ಯಾಜ್ಯದ ಸಾಗಣೆ ಕುರಿತ 1989ರ ಬಾಸೆಲ್ ಒಪ್ಪಂದದಂತೆ ಆ ದೇಶದ ಪೂರ್ವಾನುಮತಿಯ ದಾಖಲೆಯೂ ಬೇಕು.

ಕರಾರುಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ವಾದಕ್ಕೆ ದಾರಿಯಾಗುವುದು ಅಳತೆ. ದರ ದೀಪವೊಂದಕ್ಕೋ ಕಿಲೋಗೋ ಎಂಬುದು ಸ್ಪಷ್ಟವಿರಲಿ, ಆದರೆ ದಾಖಲಿಸುವಾಗ ಎರಡನ್ನೂ ದಾಖಲಿಸಿ: ಕಟ್ಟಡದ ಗೇಟಿನಲ್ಲಿ ಸಂಖ್ಯೆ, ಘಟಕದ ತಕ್ಕಡಿಯಲ್ಲಿ ಪೆಟ್ಟಿಗೆಯ ತೂಕ ಕಳೆದ ನಿವ್ವಳ ತೂಕ. ಮೇಲೆ ಹೇಳಿದ ಅಳತೆಯ 1,000 ಟ್ಯೂಬ್‌ಗಳು ಗೇಟು ದಾಟಿದ್ದು, ಘಟಕದ ರಸೀದಿಯಲ್ಲಿ 120 ಕಿಲೋ ಎಂದಿದ್ದರೆ ಉಳಿದವು ದಾರಿಯಲ್ಲಿ ಎಲ್ಲಿ ಇಳಿದವು ಎಂದು ಕೇಳಲು ಆಗ ಆಧಾರವಿರುತ್ತದೆ. ಒಡೆದ ದೀಪಗಳನ್ನು ಎಣಿಸಲಾಗದು. ಮುಚ್ಚಳ ಭದ್ರವಿರುವ ಡ್ರಮ್ಮಿನಲ್ಲಿ ತೂಕದ ಮೇಲೆ ಒಯ್ಯುವುದಕ್ಕೆ ಬೇರೆ ದರ ಬರೆಯಿಸಿಕೊಳ್ಳಬೇಕು. ಹಾಗೆ ಬರೆಯದಿದ್ದರೆ ಸಾಗಿಸುವವರು ಒಡೆದವನ್ನು ಬಿಟ್ಟುಹೋಗುತ್ತಾರೆ. ಅಪಾಯ ಹೆಚ್ಚಿರುವುದು ಅವುಗಳಲ್ಲಿಯೇ.

ಉಪಗುತ್ತಿಗೆಯನ್ನು ಲಿಖಿತ ಒಪ್ಪಿಗೆಯಿಲ್ಲದೆ ಕೊಡಕೂಡದು ಎಂಬ ಷರತ್ತು, ಮುನ್ಸೂಚನೆಯಿಲ್ಲದೆ ಘಟಕಕ್ಕೆ ಭೇಟಿ ನೀಡುವ ಹಕ್ಕು, ವಿಮೆ, ಮತ್ತು ಹೊಣೆ ಯಾವ ಕ್ಷಣದಲ್ಲಿ ಕೈಬದಲಾಗುತ್ತದೆ ಎಂಬ ವಿವರ ಕರಾರಿನಲ್ಲಿ ಇರಬೇಕು. ಲೋಡ್ ಮಾಡುವಾಗ ದೀಪ ಒಡೆದರೆ ಏನು ಮಾಡಬೇಕೆಂಬುದನ್ನೂ ಬರೆದಿಡಿ: ಕಿಟಕಿ ತೆರೆದು, ಜನರನ್ನು ಹೊರಗೆ ಕಳಿಸಿ, ಹದಿನೈದು ನಿಮಿಷವಾದರೂ ಗಾಳಿಯಾಡಲು ಬಿಟ್ಟು, ನಂತರ ಕೈಗವಸು ತೊಟ್ಟು ಗಟ್ಟಿ ರಟ್ಟಿನಿಂದ ಚೂರುಗಳನ್ನು ಬಾಚಿ, ಒದ್ದೆ ಕಾಗದದಿಂದ ಪುಡಿಯನ್ನು ಒರೆಸಿ ತೆಗೆಯಬೇಕು. ಪೊರಕೆಯಾಗಲಿ ವ್ಯಾಕ್ಯೂಮ್ ಕ್ಲೀನರ್ ಆಗಲಿ ಬೇಡವೇ ಬೇಡ, ಏಕೆಂದರೆ ಅವು ಪುಡಿಯನ್ನೂ ಆವಿಯನ್ನೂ ಕೋಣೆಯೆಲ್ಲ ಹರಡುತ್ತವೆ.

ಕೊನೆಯದು ಹಣ ಪಾವತಿ. ಲಾರಿ ಹೊರಟ ದಿನ ಪೂರ್ತಿ ಬಿಲ್ ಪಾವತಿಸುವ ರೂಢಿಯನ್ನು ಇಲ್ಲಿ ಕೈಬಿಡಬೇಕು. ದೊಡ್ಡ ಪಾಲನ್ನು ತಡೆಹಿಡಿದು, ರವಾನೆ ಚೀಟಿಯ ಸಂಖ್ಯೆಯನ್ನು ನಮೂದಿಸಿದ ಮರುಬಳಕೆ ಪ್ರಮಾಣಪತ್ರ ಬಂದ ಮೇಲಷ್ಟೇ ಬಿಡುಗಡೆ ಮಾಡಬೇಕು. ಪ್ರಮಾಣಪತ್ರದಲ್ಲಿ ದೀಪಗಳನ್ನು ಸ್ವೀಕರಿಸಲಾಗಿದೆ ಎಂದಷ್ಟೇ ಇದ್ದರೆ ಸಾಲದು, ಯಾವ ದಿನಾಂಕದಂದು ಸಂಸ್ಕರಿಸಲಾಯಿತು, ಗಾಜು, ಲೋಹ ಮತ್ತು ಪುಡಿ ತಲಾ ಎಷ್ಟೆಷ್ಟು ಬಂದವು, ಪುಡಿಯನ್ನು ಎಲ್ಲಿಗೆ ಕಳಿಸಲಾಯಿತು ಎಂಬ ವಿವರ ಇರಬೇಕು.