ಪೀಸ್‌ಪ್ಯಾಕ್ ನೋಡಿ ಯಾರಾದರೂ ಹತ್ತಿರ ಬಂದರೆ

ಕಬ್ಬನ್ ಪಾರ್ಕಿನಲ್ಲಿ ಪೀಸ್‌ಪ್ಯಾಕ್, ಅಂದರೆ ಚೌಕ ಬಿಲ್ಲೆ, ನಾಣ್ಯಗಳಿರುವ, ಹತ್ತಾರು ಆಟ ಆಡಬಹುದಾದ ಸೆಟ್, ಹರಡಿ ಕೂತರೆ ಜನ ನಿಂತು ನೋಡೇ ನೋಡುತ್ತಾರೆ. "ಏನಿದು ಆಟ?" ಅಂದ ತಕ್ಷಣ ಪೂರ್ತಿ ಪುರಾಣ ಹೇಳಬೇಡಿ. ಕೈಗೆ ಒಂದು ನಾಣ್ಯ ಕೊಡಿ. ಒಂದು ಕಡೆ ಅಂಕಿ, ತಿರುಗಿಸಿದರೆ ಸೂರ್ಯನೋ ಚಂದ್ರನೋ. "ಒಂದೇ ಇಸ್ಪೀಟ್ ಕಟ್ಟಲ್ಲಿ ರಮ್ಮಿನೂ ಆಡ್ತೀವಿ, ಕತ್ತೆನೂ ಆಡ್ತೀವಿ ಅಲ್ವಾ? ಹಾಗೇ ಇದು" ಅನ್ನಿ, ಸಾಕು.

ಆಮೇಲೆ ಚೌಕಾಬಾರ ಹಾಕಿ. 24 ಬಿಲ್ಲೆಗಳನ್ನು ಐದೈದು ಮನೆಯಾಗಿ ಜೋಡಿಸಿ, ನಡುವೆ ಒಂದು ಖಾಲಿ ಬಿಡಿ. ಅದೇ ಹಣ್ಣಾಗುವ ಮನೆ! ಪ್ರತಿ ಬದಿಯ ಮಧ್ಯದ ಬಿಲ್ಲೆಯನ್ನು ಮಗುಚಿದರೆ ಕಟ್ಟೆ ಆಯಿತು. ಸೂರ್ಯ, ಚಂದ್ರನಂಥ ಒಂದೊಂದು ಗುರುತಿಗೆ 6 ನಾಣ್ಯ ಇರುತ್ತವೆ. ಅವುಗಳಲ್ಲಿ ಆಟಗಾರರಿಗೆ ತಲಾ 4 ಕಾಯಿ. ಉಳಿದವುಗಳಲ್ಲಿ 4 ತೆಗೆದು ಕವಡೆ ಥರ ಎಸೆಯಿರಿ. ಅಂಕಿ ಕಾಣಿಸಿದ್ದನ್ನು ಎಣಿಸಿ. ನಾಲ್ಕೂ ಕಂಡರೆ ಚೌಕ, ಒಂದೂ ಕಾಣದಿದ್ದರೆ ಬಾರ, ಅಂದರೆ ಎಂಟು.

ಅಜ್ಜಿ ಮನೆಯಲ್ಲಿ ಆಡಿದವರು ಸುಮ್ನೆ ನಿಲ್ಲಲ್ಲ, ಕೂತೇಬಿಡುತ್ತಾರೆ. ನಿಯಮ ಅವರೇ ನಮಗೆ ಹೇಳಿಕೊಡುತ್ತಾರೆ, ಕೊಡಲಿ ಬಿಡಿ. ಒಂದಾಟ ಮುಗಿದ ಮೇಲೆ ಅದೇ ಬಿಲ್ಲೆಗಳನ್ನು ಕಲಸಿ ಹೊಸ ಆಟ ತೋರಿಸಿ.

"ಎಲ್ಲಿ ಸಿಗುತ್ತೆ?" ಅಂದರೆ, ಇದಕ್ಕೆ ಯಾರ ಹಕ್ಕೂ ಇಲ್ಲ, ರಟ್ಟಿನಲ್ಲಿ ಮನೆಯಲ್ಲೇ ಕತ್ತರಿಸಿ ಮಾಡಿಕೊಳ್ಳಬಹುದು ಅಂತ ಖಂಡಿತ ಹೇಳಿ.