ರಿಫ್ಯೂಸ್, ರಿಜೆಕ್ಟ್: ಯಾವುದನ್ನು ಎಲ್ಲಿ ಬಳಸಬೇಕು?

ಇಂಗ್ಲಿಷಿನ ‘ರಿಫ್ಯೂಸ್’ ಮತ್ತು ‘ರಿಜೆಕ್ಟ್’ ಎಂಬ ಎರಡು ಕ್ರಿಯಾಪದಗಳಿಗೂ ಕನ್ನಡದಲ್ಲಿ ‘ನಿರಾಕರಿಸು’, ‘ತಿರಸ್ಕರಿಸು’ ಎಂಬ ಅರ್ಥಗಳನ್ನೇ ಹೇಳಿಕೊಟ್ಟಿರುವುದರಿಂದ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಒಂದರ ಜಾಗದಲ್ಲಿ ಇನ್ನೊಂದನ್ನು ಸಲೀಸಾಗಿ ಇಟ್ಟುಬಿಡುತ್ತಾರೆ. ಹಾಗೆ ಮಾಡಿದಾಗ ಕೆಲವೆಡೆ ಅರ್ಥ ತುಸು ಬದಲಾಗುತ್ತದೆ. ಕೆಲವೆಡೆ ವಾಕ್ಯವೇ ತಪ್ಪಾಗುತ್ತದೆ.

ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ‘ಬೇಡ’ ಎಂದದ್ದು ಇಚ್ಛೆಯೋ, ತೀರ್ಮಾನವೋ? ಯಾರೋ ಏನನ್ನೋ ಮಾಡಲು, ಕೊಡಲು ಅಥವಾ ತೆಗೆದುಕೊಳ್ಳಲು ಕೇಳಿದಾಗ ‘ಒಲ್ಲೆ’ ಎಂದರೆ ಅದು ರಿಫ್ಯೂಸ್. ಮುಂದಿರುವ ವಸ್ತುವನ್ನೋ ವಿಚಾರವನ್ನೋ ನೋಡಿ, ಇದು ತಕ್ಕದ್ದಲ್ಲ, ಒಪ್ಪತಕ್ಕದ್ದಲ್ಲ ಎಂದು ತಳ್ಳಿಹಾಕಿದರೆ ಅದು ರಿಜೆಕ್ಟ್. ವೈದ್ಯಕೀಯ ಬಳಕೆಯಲ್ಲಿ ಈ ಭೇದ ನಿಚ್ಚಳವಾಗಿ ಕಾಣುತ್ತದೆ. ರೋಗಿಯು ಚಿಕಿತ್ಸೆ ಬೇಡವೆಂದರೆ ಅವನು ಅದನ್ನು ರಿಫ್ಯೂಸ್ ಮಾಡಿದ್ದಾನೆ. ಆದರೆ ಕಸಿ ಮಾಡಿದ ಮೂತ್ರಪಿಂಡವನ್ನು ದೇಹದ ರೋಗನಿರೋಧಕ ವ್ಯವಸ್ಥೆಯು ಪರಕೀಯವೆಂದು ಗುರುತಿಸಿ ಅದರ ಮೇಲೆ ದಾಳಿ ಮಾಡಿದರೆ, ದೇಹವು ಅದನ್ನು ರಿಜೆಕ್ಟ್ ಮಾಡಿತು ಎನ್ನುತ್ತಾರೆ.

ವ್ಯಾಕರಣದ ಅಂತರ ಇನ್ನೂ ಖಚಿತವಾದದ್ದು, ಮತ್ತು ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ರಿಫ್ಯೂಸ್ ಪದದ ಮುಂದೆ ‘ಟು’ ಸೇರಿಸಿ ಇನ್ನೊಂದು ಕ್ರಿಯಾಪದವನ್ನು ತರಬಹುದು: ‘ಶಿ ರಿಫ್ಯೂಸ್ಡ್ ಟು ಸೈನ್’, ಅಂದರೆ ಅವಳು ಸಹಿ ಹಾಕಲು ಒಪ್ಪಲಿಲ್ಲ. ‘ಶಿ ರಿಜೆಕ್ಟೆಡ್ ಟು ಸೈನ್’ ಎಂಬುದು ಯಾವ ಸಂದರ್ಭದಲ್ಲಿಯೂ ಸರಿಯಲ್ಲ. ಆದ್ದರಿಂದ ಮನಸ್ಸಿನಲ್ಲಿರುವ ಕನ್ನಡ ವಾಕ್ಯದಲ್ಲಿ ‘ಮಾಡಲು’, ‘ಹೋಗಲು’, ‘ಕೊಡಲು’ ಎಂಬಂತಹ ರೂಪವಿದ್ದರೆ ಹಿಂದೆಮುಂದೆ ನೋಡದೆ ರಿಫ್ಯೂಸ್ ಬಳಸಬಹುದು. ‘ಹಿ ರಿಫ್ಯೂಸ್ಡ್’ ಎಂದು ಕರ್ಮಪದವಿಲ್ಲದೆ ನಿಲ್ಲಿಸಿದರೂ ವಾಕ್ಯ ಪೂರ್ಣವಾಗುತ್ತದೆ. ರಿಜೆಕ್ಟ್‌ಗಾದರೋ ಏನನ್ನು ಎಂಬುದು ಬೇಕೇ ಬೇಕು. ‘ದೇ ರಿಫ್ಯೂಸ್ಡ್ ಹಿಮ್ ಪರ್ಮಿಷನ್’ ಎಂದು ಯಾರಿಗೆ, ಏನನ್ನು ಎಂಬ ಎರಡನ್ನೂ ಹೇಳುವ ಸೌಕರ್ಯವೂ ರಿಫ್ಯೂಸ್‌ಗೆ ಮಾತ್ರ ಇದೆ.

ಕೊಡುಗೆ, ಆಹ್ವಾನ, ಸಲಹೆಗಳ ವಿಷಯದಲ್ಲಿ ಎರಡೂ ನಡೆಯುತ್ತವೆಯಾದರೂ ಧ್ವನಿ ಬೇರೆ. ಆಫರ್ ಒಂದನ್ನು ರಿಫ್ಯೂಸ್ ಮಾಡಿದವರು ಬರಿದೆ ತೆಗೆದುಕೊಂಡಿಲ್ಲ. ರಿಜೆಕ್ಟ್ ಮಾಡಿದವರು ಅದು ಸಾಲದು ಎಂದೂ ಸೂಚಿಸಿದ್ದಾರೆ. ಮನುಷ್ಯರ ಬಗ್ಗೆ ಬರೆಯುವಾಗ ಈ ಧ್ವನಿಯನ್ನು ಅವಶ್ಯವಾಗಿ ಗಮನಿಸಬೇಕು. ಒಬ್ಬರನ್ನು ರಿಫ್ಯೂಸ್ ಮಾಡಿದರೆ ಅವರ ಕೋರಿಕೆ ಮಾತ್ರ ಈಡೇರಲಿಲ್ಲ, ರಿಜೆಕ್ಟ್ ಮಾಡಿದರೆ ಆ ವ್ಯಕ್ತಿಯನ್ನೇ ಬೇಡವೆಂದಂತಾಗುತ್ತದೆ. ಕೆಲಸ ಕೇಳಿ ಬಂದವರಿಗೆ ‘ವಿ ಹ್ಯಾವ್ ರಿಜೆಕ್ಟೆಡ್ ಯು’ ಎಂದು ಬರೆಯುವುದು ನನ್ನ ಅಭಿಪ್ರಾಯದಲ್ಲಿ ಅನಗತ್ಯವಾಗಿ ನೋಯಿಸುವ ಬರವಣಿಗೆ.

ಕಚೇರಿಗಳ ಪರಿಭಾಷೆ ಈ ಸಾಮಾನ್ಯ ನಿಯಮವನ್ನು ಮೀರಬಲ್ಲದು. ಬ್ರಿಟನ್ನಿನ ವಲಸೆ ವ್ಯವಸ್ಥೆಯಲ್ಲಿ, ಶುಲ್ಕ ಕಟ್ಟಿಲ್ಲ ಎಂಬಂತಹ ಕಾರಣಕ್ಕೆ ಅರ್ಜಿಯನ್ನು ಅಸಿಂಧುವೆಂದು ಬಗೆದು ಪರಿಶೀಲನೆಗೇ ತೆಗೆದುಕೊಳ್ಳದಿದ್ದರೆ ಅದು ರಿಜೆಕ್ಟ್ ಆಗುತ್ತದೆ. ಪರಿಶೀಲಿಸಿದ ಮೇಲೆ ಅನುಮತಿ ಕೊಡದಿದ್ದರೆ ರಿಫ್ಯೂಸ್ ಆಗುತ್ತದೆ. ಅಮೆರಿಕದ ವಲಸೆ ಇಲಾಖೆಯು ಈ ಎರಡನೆಯ ಸಂದರ್ಭಕ್ಕೆ ‘ಡಿನೈ’ ಎನ್ನುತ್ತದೆ. ಇಂತಹ ಪತ್ರಗಳಿಗೆ ಉತ್ತರ ಬರೆಯುವವರು ಪತ್ರದಲ್ಲಿರುವ ಪದವನ್ನೇ ಉಳಿಸಿಕೊಳ್ಳುವುದು ಕ್ಷೇಮ, ಏಕೆಂದರೆ ಮುಂದಿನ ಹಾದಿ, ಅಂದರೆ ಹೊಸ ಅರ್ಜಿಯೋ ಮೇಲ್ಮನವಿಯೋ ಎಂಬುದು, ಅದನ್ನು ಅವಲಂಬಿಸಿರಬಹುದು.

ನಾಮಪದಗಳು ಕ್ರಮವಾಗಿ ‘ರಿಫ್ಯೂಸಲ್’ ಮತ್ತು ‘ರಿಜೆಕ್ಷನ್’. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ‘ರೆಫ್ಯೂಸ್’ ಎಂದರೆ ಕಸ ಎಂಬ ಅರ್ಥ ಬರುತ್ತದೆ. ಆದ್ದರಿಂದ ‘ಹಿಸ್ ರಿಫ್ಯೂಸ್’ ಎಂದು ಬರೆದು ಅವನ ನಿರಾಕರಣೆ ಎಂಬ ಅರ್ಥವನ್ನು ನಿರೀಕ್ಷಿಸಲಾಗದು.

ಕೊನೆಯದಾಗಿ, ಕನ್ನಡದ ‘ನಿರಾಕರಿಸು’ ಮೂರನೆಯ ಪದವೊಂದನ್ನೂ ಒಳಗೊಳ್ಳುತ್ತದೆ. ‘ಹಣ ಪಡೆಯಲು ನಿರಾಕರಿಸಿದರು’ ಎಂಬುದಕ್ಕೆ ರಿಫ್ಯೂಸ್ ಸರಿ. ‘ಹಣ ಪಡೆದ ಆರೋಪವನ್ನು ನಿರಾಕರಿಸಿದರು’ ಎಂಬಲ್ಲಿ, ಅದು ನಿಜವಲ್ಲ ಎಂದು ಹೇಳುವುದೇ ಉದ್ದೇಶವಾದ್ದರಿಂದ, ‘ಡಿನೈ’ ಬೇಕು.